ಅನ್ನದ ಲೆಕ್ಕ ರದ್ದಿಗೆ ಹೋಗದಿರಲಿ

ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಯ ನಿರ್ದೇಶಕರಿಗೆ,
ಹಾಗೂ ನಾಡಿನ ಉಚಿತ ವಿದ್ಯಾರ್ಥಿನಿಲಯಗಳ, ಪ್ರಸಾದ ನಿಲಯಗಳ ಆಡಳಿತ ಮಂಡಳಿಯವರಿಗೆ

ಮಾನ್ಯರೇ,

ಪತ್ರ ಉದ್ದವಾಗುವ ಲಕ್ಷಣವಿದೆ. ಆದ್ದರಿಂದ ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಹಳ್ಳಿಯ ಬಡ ಮಕ್ಕಳಿಗೆ ಅನ್ನ ಹಾಕಿ, ಮಲಗಲು ಜಾಗ ಕೊಟ್ಟು ಓದಿಸಿದ ಧರ್ಮಾರ್ಥ ಹಾಸ್ಟೆಲುಗಳು ನಮ್ಮ ಜಿಲ್ಲಾ, ತಾಲ್ಲೂಕು ಕೇಂದ್ರಗಳಲ್ಲಿ ಬೇಕಾದಷ್ಟಿದ್ದವು. ಕೆಲವು ಇನ್ನೂ ನಡೆಯುತ್ತಿವೆ, ಹಲವು ಮುಚ್ಚಿವೆ. ಅವುಗಳ ದಾಖಲಾತಿ ರಿಜಿಸ್ಟರು, ಉಗ್ರಾಣದ ಪುಸ್ತಕ, ಕಿರ್ದಿ-ಖತಾವಣಿ, ಧಾನ್ಯ ಕೊಟ್ಟವರ ಪಟ್ಟಿ, ಇವೆಲ್ಲ ಅಟ್ಟದ ಮೇಲೋ ಬೀಗ ಹಾಕಿದ ಕೋಣೆಯಲ್ಲೋ ಗೆದ್ದಲಿನ ಪಾಲಾಗುತ್ತಿವೆ. ಇವನ್ನು ಹುಡುಕಿಸಿ, ಪಟ್ಟಿ ಮಾಡಿಸಿ, ಸ್ಕ್ಯಾನ್ ಮಾಡಿಸಿ ಉಳಿಸುವ ಕೆಲಸವನ್ನು ನಿಮ್ಮ ಇಲಾಖೆ ಕೈಗೆತ್ತಿಕೊಳ್ಳಬೇಕು. ಆಡಳಿತ ಮಂಡಳಿಯವರು ಅದಕ್ಕೆ ಬಾಗಿಲು ತೆರೆಯಬೇಕು. ನನ್ನ ಅರ್ಜಿ ಇಷ್ಟೇ.

ಇನ್ನು ಇದನ್ನು ಕೇಳಲು ನಾನು ಯಾರು ಎಂಬುದು. ಖಜಾನೆ ಇಲಾಖೆಯಲ್ಲಿ ಗುಮಾಸ್ತನಾಗಿ ಸೇರಿ, ಅಲ್ಲೇ ಒಂದೆರಡು ಮೆಟ್ಟಿಲು ಹತ್ತಿ ನಿವೃತ್ತನಾದವನು. ಹೈಸ್ಕೂಲು ಓದಿದ್ದು ತಾಲ್ಲೂಕು ಕೇಂದ್ರವೊಂದರ ಉಚಿತ ಹಾಸ್ಟೆಲಿನಲ್ಲಿದ್ದುಕೊಂಡು. ಆ ಹಾಸ್ಟೆಲಿನ ಹೆಸರು ಇಲ್ಲಿ ಬೇಡ. ಹಳೆಯ ಕಟ್ಟಡ ಕೆಡವಿ ಅಂಗಡಿ ಮಳಿಗೆ ಕಟ್ಟುವಾಗ ಅಲ್ಲಿದ್ದ ಪುಸ್ತಕಗಳು ಗುಜರಿಯವನಿಗೆ ಕೆ.ಜಿ. ಲೆಕ್ಕದಲ್ಲಿ ಹೋದವು. ನನಗೆ ಗೊತ್ತಾಗುವ ಹೊತ್ತಿಗೆ ಅವು ಯಾವ ಕಾಗದದ ಕಾರ್ಖಾನೆಯಲ್ಲಿ ಬೆಂದಿದ್ದವೋ. ಮಾರಿದವರನ್ನು ಬೈಯಲು ಈ ಪತ್ರ ಬರೆಯುತ್ತಿಲ್ಲ. ಅದು ಹಳೆಯ ಕಾಗದ ಅಲ್ಲ ಅಂತ ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ. ಹೇಳಬೇಕಾದವರು ನೀವು.

ಈ ಹಾಸ್ಟೆಲುಗಳು ಹುಟ್ಟಿದ್ದು ಯಾಕೆ ಎಂಬುದನ್ನು ಇಂದಿನ ಮಕ್ಕಳಿಗೆ ಅರ್ಥ ಮಾಡಿಸುವುದು ಕಷ್ಟ. ಹೋಬಳಿಗೊಂದು ಹೈಸ್ಕೂಲು, ತಾಲ್ಲೂಕಿಗೊಂದು ಡಿಗ್ರಿ ಕಾಲೇಜು ಇರುವ ಕಾಲ ಇದು. ಇಪ್ಪತ್ತನೇ ಶತಮಾನದ ಮೊದಲಲ್ಲಿ ಮೈಸೂರು ಸೀಮೆಯ ಹಳ್ಳಿ ಹುಡುಗ ಲೋವರ್ ಸೆಕೆಂಡರಿ ಮುಗಿಸಿದ ಮೇಲೆ ಮುಂದೆ ಓದಬೇಕೆಂದರೆ ಜಿಲ್ಲಾ ಕೇಂದ್ರಕ್ಕೆ ಬರಬೇಕಿತ್ತು, ಕಾಲೇಜಿಗಾದರೆ ಬೆಂಗಳೂರಿಗೋ ಮೈಸೂರಿಗೋ ಹೋಗಬೇಕಿತ್ತು. ಶಾಲೆಯ ಫೀಸನ್ನು ಹೇಗೋ ಹೊಂದಿಸಬಹುದು. ಆದರೆ ಉಣ್ಣುವುದೆಲ್ಲಿ, ಮಲಗುವುದೆಲ್ಲಿ? ಬ್ರಾಹ್ಮಣ ಹುಡುಗರಿಗೆ ವಾರಾನ್ನದ ಏರ್ಪಾಡಿತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಅದರಲ್ಲೂ ಅವಮಾನ ಕಡಿಮೆ ಇರಲಿಲ್ಲ, ಆದರೆ ಹೊಟ್ಟೆಯಂತೂ ತುಂಬುತ್ತಿತ್ತು. ಒಕ್ಕಲಿಗರ, ಲಿಂಗಾಯತರ, ಕುರುಬರ ಹುಡುಗರಿಗೆ ಪೇಟೆಯಲ್ಲಿ ಅಂಥ ಮನೆಗಳಿರಲಿಲ್ಲ. ಹೊಲೆಯರ, ಮಾದಿಗರ ಮಕ್ಕಳಿಗೆ ಶಾಲೆಯ ಜಗುಲಿಯೇ ಸಿಗುತ್ತಿರಲಿಲ್ಲ, ಊಟದ ಮಾತು ದೂರ ಉಳಿಯಿತು.

1918ರಲ್ಲಿ ಮೈಸೂರು ಸರ್ಕಾರ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ಸರ್ಕಾರಿ ನೌಕರಿಯಲ್ಲಿ ಹಿಂದುಳಿದ ಸಮುದಾಯಗಳಿಗೆ ಪಾಲು ಕೊಡಬೇಕೆಂದು ಆ ಸಮಿತಿ ಶಿಫಾರಸು ಮಾಡಿದ್ದು ನಮ್ಮ ಪಠ್ಯಪುಸ್ತಕಗಳಲ್ಲೂ ಇದೆ. ಇಲ್ಲದಿರುವುದು ಇನ್ನೊಂದು. ಹುದ್ದೆ ಮೀಸಲಿಟ್ಟ ಮಾತ್ರಕ್ಕೆ ಆ ಹುದ್ದೆಗೆ ಬೇಕಾದ ಪದವೀಧರ ಆಕಾಶದಿಂದ ಇಳಿದು ಬರುವುದಿಲ್ಲ. ಅವನನ್ನು ನಾಲ್ಕಾರು ವರ್ಷ ಯಾರಾದರೂ ಪೇಟೆಯಲ್ಲಿಟ್ಟುಕೊಂಡು ಸಾಕಬೇಕು. ಮೀಸಲಾತಿಯ ಚರಿತ್ರೆಯನ್ನು ಸಮಿತಿ, ಆದೇಶ, ವರದಿಗಳ ಸಾಲಿನಲ್ಲಿ ಬರೆದಿದ್ದೇವೆ. ಅದರ ಅಡುಗೆಮನೆಯ ಕಡೆಯ ಚರಿತ್ರೆ ಹಾಸ್ಟೆಲುಗಳ ಸ್ಟಾಕ್ ಪುಸ್ತಕದಲ್ಲಿದೆ.

ಒಂದು ಉದಾಹರಣೆ ಕೊಡುತ್ತೇನೆ, ಎಲ್ಲರಿಗೂ ಗೊತ್ತಿರುವ ಹೆಸರುಗಳದ್ದೇ. ಗುಬ್ಬಿಯ ತೋಟದಪ್ಪನವರು ವ್ಯಾಪಾರಿಗಳು. ಮಕ್ಕಳಿಲ್ಲದ ಆ ದಂಪತಿ ಗಳಿಸಿದ್ದನ್ನೆಲ್ಲ ಧರ್ಮಕ್ಕೆ ಬರೆದರು. ಬೆಂಗಳೂರು ರೈಲು ನಿಲ್ದಾಣದ ಎದುರಿಗೆ 1903ರಲ್ಲಿ ಛತ್ರ ಶುರುವಾಯಿತು, ಜೊತೆಗೆ ಹಳ್ಳಿಯಿಂದ ಬಂದ ವಿದ್ಯಾರ್ಥಿಗಳಿಗೆ ಉಚಿತ ವಸತಿಯೂ ನಡೆಯಿತು. ತೋಟದಪ್ಪನವರು 1910ರಲ್ಲಿ ತೀರಿಕೊಂಡರು. ಅದಾಗಿ ಹದಿನೇಳು ವರ್ಷಕ್ಕೆ, 1927ರಲ್ಲಿ, ಮಾಗಡಿ ತಾಲ್ಲೂಕು ವೀರಾಪುರದ ಶಿವಣ್ಣ ಎಂಬ ಹುಡುಗ ಸೆಂಟ್ರಲ್ ಕಾಲೇಜಿಗೆ ಸೇರಿ ಆ ವಿದ್ಯಾರ್ಥಿನಿಲಯದಲ್ಲಿ ಉಳಿದ. ತುಮಕೂರಿನಲ್ಲಿ ಹೈಸ್ಕೂಲು ಓದುವಾಗ ಅವನಿಗೆ ಆಸರೆಯಾಗಿದ್ದದ್ದು ಕ್ಯಾತ್ಸಂದ್ರದ ಹತ್ತಿರದ ಸಿದ್ಧಗಂಗಾ ಮಠ. 1930ರಲ್ಲಿ ಮಠದ ಉತ್ತರಾಧಿಕಾರಿಯಾಗಿದ್ದವರು ಅಕಾಲದಲ್ಲಿ ತೀರಿಹೋದಾಗ ಆಗಿನ ಮಠಾಧೀಶರಾದ ಉದ್ಧಾನ ಶಿವಯೋಗಿಗಳ ಕಣ್ಣಿಗೆ ಬಿದ್ದವನು ಈ ಹುಡುಗ. ಅಂದಿನಿಂದ ಶಿವಣ್ಣ ಶಿವಕುಮಾರ ಸ್ವಾಮಿಗಳಾದರು. ಮುಂದಿನದನ್ನು ನಾನು ಹೇಳಬೇಕಾಗಿಲ್ಲ.

ಎರಡು ಹಾಸ್ಟೆಲಿನ ಅನ್ನ ಉಂಡ ಒಬ್ಬ ಹುಡುಗ ದೊಡ್ಡವನಾಗಿ ದಿನಕ್ಕೆ ಎಂಟು-ಹತ್ತು ಸಾವಿರ ಮಕ್ಕಳಿಗೆ ಅನ್ನ ಹಾಕಿದ. ಗುಬ್ಬಿಯ ಒಬ್ಬ ವರ್ತಕನ ದುಡ್ಡು ಎಲ್ಲಿಂದ ಎಲ್ಲಿಗೆ ಹರಿಯಿತು ನೋಡಿ. ಸ್ವಾಮಿಗಳು ಪ್ರಸಿದ್ಧರಾದ್ದರಿಂದ ಈ ಜಾಡು ನಮಗೆ ಸಿಕ್ಕಿದೆ. ಅದೇ ಹಾಸ್ಟೆಲಿನಲ್ಲಿ ಅವರ ಪಕ್ಕದಲ್ಲಿ ಚಾಪೆ ಹಾಸಿ ಮಲಗಿದವನು ಯಾರು, ಅವನು ಮುಂದೆ ಏನಾದ, ಅಮಲ್ದಾರನಾದನೋ ಮೇಷ್ಟರಾದನೋ, ಮೂರನೇ ತಿಂಗಳಿಗೇ ಊರಿಗೆ ಮರಳಿ ನೇಗಿಲು ಹಿಡಿದನೋ, ಅದು ಬೇಕೆಂದರೆ ರಿಜಿಸ್ಟರೇ ಬೇಕು.

ಸಿದ್ಧಗಂಗೆಯ ಬಗ್ಗೆ ಸ್ವಲ್ಪ ನಿಂತು ಹೇಳುತ್ತೇನೆ, ನಮ್ಮ ಜಿಲ್ಲೆಯವನೆಂಬ ಅಭಿಮಾನದಿಂದ ಅಂತಲೇ ತಿಳಿದುಕೊಳ್ಳಿ. 1917ರಲ್ಲಿ ಅಲ್ಲಿ ಸಂಸ್ಕೃತ ಪಾಠಶಾಲೆ ಶುರುವಾಯಿತು. 1941ರಲ್ಲಿ ಉದ್ಧಾನ ಶಿವಯೋಗಿಗಳು ಲಿಂಗೈಕ್ಯರಾಗಿ ಪೂರ್ತಿ ಹೊಣೆ ಕಿರಿಯ ಸ್ವಾಮಿಗಳ ಹೆಗಲಿಗೆ ಬಿತ್ತು. ಮಠಕ್ಕಿದ್ದ ಜಮೀನು ಮಳೆ ನಂಬಿದ್ದು. ಅದು ಯುದ್ಧದ ಕಾಲ, ರೇಷನ್ನಿನ ಕಾಲ. ಸ್ವಾಮಿಗಳು ಹಳ್ಳಿಹಳ್ಳಿ ತಿರುಗಿ ರಾಗಿ, ಅವರೆ, ಹುರುಳಿ ತಂದು ಮಕ್ಕಳನ್ನು ಸಾಕಿದರು ಅಂತ ನಮ್ಮ ಕಡೆ ಮುದುಕರು ಹೇಳುತ್ತಿದ್ದರು. ಮಠದ ಹಿಂದಿನ ಗುರುಗಳಾದ ಅಟವಿ ಸ್ವಾಮಿಗಳ ಕಾಲದಲ್ಲಿ ಹಚ್ಚಿದ ಒಲೆ ಅಲ್ಲಿ ಇವತ್ತಿಗೂ ಆರಿಲ್ಲವೆಂಬ ನಂಬಿಕೆಯಿದೆ. ನಂಬಿಕೆ ಅವರವರಿಗೆ ಬಿಟ್ಟದ್ದು. ನನ್ನಂಥ ಲೆಕ್ಕದವನಿಗೆ ಬರುವ ಪ್ರಶ್ನೆ ಬೇರೆ: ಆ ಒಲೆಗೆ ಸೌದೆ ಎಲ್ಲಿಂದ ಬಂತು? ಯಾವ ಊರಿನವರು ಗಾಡಿ ಕಟ್ಟಿದರು? ಬರ ಬಂದ ವರ್ಷ ಯಾರು ಕೊಡಲಿಲ್ಲ, ಯಾರು ಇದ್ದುದರಲ್ಲೇ ಕೊಟ್ಟರು? ಶಿವರಾತ್ರಿಯ ದನಗಳ ಜಾತ್ರೆಗೆ ಬಂದವರು ಎತ್ತಿನ ಜೊತೆ ಒಂದು ಮೂಟೆಯನ್ನೂ ತಂದು ಇಳಿಸಿ ಹೋಗುತ್ತಿದ್ದರು. ಆ ಮೂಟೆಗಳೇ ಹಾಸ್ಟೆಲಿನ ಬಜೆಟ್ಟು.

ಜಾತಿ, ಮತ ಕೇಳದೆ ಸೇರಿಸಿಕೊಂಡದ್ದು, ಮುಸಲ್ಮಾನರ ಹುಡುಗರೂ ಅಲ್ಲಿ ಸಂಸ್ಕೃತ ಕಲಿತದ್ದು, ಸಂಜೆ ಬಯಲಿನಲ್ಲಿ ಸಾವಿರಾರು ಮಕ್ಕಳು ಸಾಲಾಗಿ ಕೂತು ಪ್ರಾರ್ಥನೆ ಮಾಡುವುದು, ಇವನ್ನೆಲ್ಲ ಪತ್ರಿಕೆಗಳು ಬೇಕಾದಷ್ಟು ಬರೆದಿವೆ. 2007ರಲ್ಲಿ ಕರ್ನಾಟಕ ರತ್ನ, 2015ರಲ್ಲಿ ಪದ್ಮಭೂಷಣ ಬಂದವು. 2019ರ ಜನವರಿ 21ರಂದು ಸ್ವಾಮಿಗಳು ಲಿಂಗೈಕ್ಯರಾದಾಗ ಸುದ್ದಿಯನ್ನು ಕೂಡಲೇ ಹೊರಗೆ ಬಿಡಲಿಲ್ಲ. ಮಕ್ಕಳ ಮಧ್ಯಾಹ್ನದ ಊಟ ಮುಗಿದ ಮೇಲೆ ತಿಳಿಸಬೇಕೆಂದು ಅವರೇ ಮೊದಲೇ ಹೇಳಿಟ್ಟಿದ್ದರೆಂದು ವರದಿಯಾಯಿತು. ತಾನು ಸತ್ತ ಸುದ್ದಿಗಿಂತ ಪಂಕ್ತಿ ಮುಖ್ಯ ಎಂಬ ಈ ತಿಳಿವಳಿಕೆ ಹಾಸ್ಟೆಲು ನಡೆಸಿ ಗೊತ್ತಿರುವವರಿಗೆ ಮಾತ್ರ ಬರುವಂಥದ್ದು. ಆ ದಿನವನ್ನು ಸರ್ಕಾರ ದಾಸೋಹ ದಿನವೆಂದು ಘೋಷಿಸಿದೆ. ಒಳ್ಳೆಯದು. ದಾಸೋಹದ ದಾಖಲೆಗೂ ವರ್ಷಕ್ಕೊಂದು ದಿನ ಮೀಸಲಿಟ್ಟರೆ ಇನ್ನೂ ಒಳ್ಳೆಯದು.

ಉತ್ತರಕ್ಕೆ ಹೋದರೆ ಕಥೆಯ ಜಾಡೇ ಬೇರೆ. ಮುಂಬೈ ಪ್ರಾಂತದಲ್ಲಿದ್ದ ಧಾರವಾಡ, ಬೆಳಗಾವಿ, ವಿಜಾಪುರದ ಹುಡುಗರು ಕಾಲೇಜಿಗೆ ಪುಣೆಗೋ ಮುಂಬೈಗೋ ಹೋಗಬೇಕಿತ್ತು. 1883ರಲ್ಲೇ ಅರಟಾಳ ರುದ್ರಗೌಡರು ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ನಿಧಿ ಕಟ್ಟಿದರು. 1906ರಲ್ಲಿ ತೀರಿಕೊಂಡ ಸಿರಸಂಗಿ ಲಿಂಗರಾಜ ದೇಸಾಯರು ತಮ್ಮ ಆಸ್ತಿಯನ್ನು ಮಕ್ಕಳ ಓದಿಗೆಂದು ಮೃತ್ಯುಪತ್ರ ಬರೆದಿಟ್ಟು ಹೋದರು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾಯಿತು. ಅದೇ ಕಾಲಕ್ಕೆ ಮುರುಘಾಮಠದಲ್ಲಿ ಮೃತ್ಯುಂಜಯ ಸ್ವಾಮಿಗಳ ಉಚಿತ ಪ್ರಸಾದ ನಿಲಯವೂ ನಡೆಯತೊಡಗಿತು. ಕಾಲೇಜು ಸರ್ಕಾರದ್ದು, ಊಟ ಮಠದ್ದು. ಈ ಎರಡೂ ಒಂದೇ ಊರಿನಲ್ಲಿ ಕೂಡಿ ಬಂದದ್ದರಿಂದಲೇ ಒಂದು ಇಡೀ ತಲೆಮಾರಿನ ವಕೀಲರು, ಮಾಸ್ತರರು, ಸಾಹಿತಿಗಳು ಆ ಕಡೆ ತಯಾರಾದರು. ಧಾರವಾಡವನ್ನು ವಿದ್ಯಾಕಾಶಿ ಅನ್ನುವಾಗ ರೊಟ್ಟಿ ಬಡಿದ ಕೈಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು 1941ರಲ್ಲಿ ಮೈಸೂರಿನಲ್ಲಿ ತೆರೆದ ವಿದ್ಯಾರ್ಥಿನಿಲಯದ ಕಥೆಯೂ ಇಂಥದ್ದೇ. ದವಸ ಸಿಗದ ದಿನಗಳಲ್ಲಿ ಅವರು ಇಷ್ಟಲಿಂಗ ಇಡುವ ತಮ್ಮ ಚಿನ್ನದ ಕರಡಿಗೆಯನ್ನೇ ಮಾರಿ ಮಕ್ಕಳ ಊಟ ನಡೆಸಿದರೆಂಬ ಮಾತು ಆ ಸೀಮೆಯಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ಸಾತಾರೆಯ ಕರ್ಮವೀರ ಭಾವೂರಾವ್ ಪಾಟೀಲರ ಪತ್ನಿ ಲಕ್ಷ್ಮೀಬಾಯಿಯವರು ಹಾಸ್ಟೆಲಿನ ಹುಡುಗರಿಗಾಗಿ ಮಾಂಗಲ್ಯದವರೆಗೆ ಒಡವೆ ಮಾರಿದರು. 1919ರಲ್ಲಿ ಭಾವೂರಾವ್ ಅವರು ಕಟ್ಟಿದ ರಯತ ಶಿಕ್ಷಣ ಸಂಸ್ಥೆ ಗಡಿಯಾಚೆಯದು, ಆದರೆ ಅದಕ್ಕೆ ದಾರಿ ತೋರಿದ ಕೊಲ್ಲಾಪುರದ ಶಾಹೂ ಮಹಾರಾಜರ ಹಾಸ್ಟೆಲುಗಳ ಗಾಳಿ ನಮ್ಮ ಬೆಳಗಾವಿಯ ಕಡೆಗೂ ಬೀಸಿತ್ತು. ಒಡವೆ ಮಾರಿದ್ದು ಕಥೆಯಾಗಿ ಉಳಿಯುತ್ತದೆ, ಅದು ಸಹಜ. ಆ ಹಣಕ್ಕೆ ಎಷ್ಟು ಚೀಲ ಜೋಳ ಬಂತು, ಎಷ್ಟು ದಿನ ಸಾಗಿತು ಎಂಬುದು ಕಿರ್ದಿಯಲ್ಲಿ ಮಾತ್ರ ಉಳಿಯುತ್ತದೆ.

ಇಲ್ಲಿ ಆಡಳಿತ ಮಂಡಳಿಯವರಿಗೆ ಅಷ್ಟು ಹಿತವಾಗದ ಒಂದು ಮಾತು. ನಮ್ಮ ಧರ್ಮಾರ್ಥ ಹಾಸ್ಟೆಲುಗಳಲ್ಲಿ ಬಹುಪಾಲು ಜಾತಿಯ ಹೆಸರಿನಲ್ಲೇ ಹುಟ್ಟಿದವು. ಒಕ್ಕಲಿಗರ ಸಂಘ, ವೀರಶೈವ ಸಂಘ, ಕುರುಬರ ಸಂಘ, ಜೈನರದ್ದು, ವೈಶ್ಯರದ್ದು, ಬ್ರಾಹ್ಮಣರದ್ದು. ನಾನು ಉಂಡದ್ದೂ ಒಂದು ಜಾತಿಯ ಹಾಸ್ಟೆಲೇ. ತಮ್ಮವರನ್ನು ಮೇಲೆತ್ತಬೇಕೆಂಬ ಹಟ ಇಲ್ಲದಿದ್ದರೆ ಅಷ್ಟು ದವಸ, ಅಷ್ಟು ಹಣ ಕೂಡುತ್ತಿರಲಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಅದೇ ಪುಸ್ತಕಗಳಲ್ಲಿ ಯಾರನ್ನು ಸೇರಿಸಿಕೊಳ್ಳಲಿಲ್ಲ ಎಂಬುದೂ ಇರುತ್ತದೆ. ತಿರಸ್ಕರಿಸಿದ ಅರ್ಜಿಗಳ ಕಟ್ಟು ಎಲ್ಲಾದರೂ ಸಿಕ್ಕರೆ, ಸೇರಿದವರ ರಿಜಿಸ್ಟರಿಗಿಂತ ಅದು ಹೆಚ್ಚು ಬೆಲೆಯದ್ದು ಅನ್ನುವವನು ನಾನು.

ದಲಿತ ಮಕ್ಕಳಿಗಾಗಿ ಹಾಸ್ಟೆಲು ಕಟ್ಟಿದವರ ಕಥೆ ಅದಕ್ಕೇ ಬೇರೆ ತೂಕದ್ದು. ಮಂಗಳೂರಿನ ಕುದ್ಮುಲ್ ರಂಗರಾಯರು 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ ಶಾಲೆ, ವಸತಿ, ಕಸುಬು ಮೂರನ್ನೂ ಒಂದೇ ಅಂಗಳಕ್ಕೆ ತಂದರು. ಜಾತಿಯವರು ಬಹಿಷ್ಕಾರ ಹಾಕಿದರು, ಇವರು ಜಗ್ಗಲಿಲ್ಲ. ತನ್ನ ಶಾಲೆಯಲ್ಲಿ ಕಲಿತ ಮಗುವೊಂದು ದೊಡ್ಡ ಹುದ್ದೆಗೇರಿ ವಾಹನದಲ್ಲಿ ಹೋಗುವಾಗ ಎದ್ದ ಧೂಳು ತನ್ನ ತಲೆಗೆ ತಾಗಿದರೆ ಜನ್ಮ ಸಾರ್ಥಕ ಎಂಬ ಅವರ ಆಸೆ ಕರಾವಳಿಯಲ್ಲಿ ಮನೆಮಾತು. ಬೆಂಗಳೂರಿನಲ್ಲಿ ಗೋಪಾಲಸ್ವಾಮಿ ಅಯ್ಯರ್ ಹೆಸರಿನ ಹಾಸ್ಟೆಲಿದೆ. ಕವಿ ಸಿದ್ಧಲಿಂಗಯ್ಯನವರು ವಿದ್ಯಾರ್ಥಿಯಾಗಿದ್ದಾಗ ಇದ್ದದ್ದು ಅಲ್ಲಿ. ದಲಿತ ಚಳವಳಿಯ ಎಷ್ಟು ಮಾತು, ಎಷ್ಟು ಹಾಡು ಅಂಥ ಕೋಣೆಗಳಲ್ಲಿ ಹುಟ್ಟಿದವೋ, ಬಲ್ಲವರು ಹೇಳಬೇಕು. 1928ರಲ್ಲಿ ಅಂಬೇಡ್ಕರ್ ಅವರು ಕಟ್ಟಿದ ಶಿಕ್ಷಣ ಸಂಸ್ಥೆ ನಡೆಸಿದ ಹಾಸ್ಟೆಲುಗಳಲ್ಲಿ ಧಾರವಾಡದ್ದೂ ಒಂದು. ಈ ವಿಷಯ ಧಾರವಾಡದವರಲ್ಲೇ ಎಷ್ಟು ಜನಕ್ಕೆ ಗೊತ್ತು? ಒಂದೇ ಊರಿನಲ್ಲಿ ಮಠದ ಪ್ರಸಾದ ನಿಲಯ, ಅಂಬೇಡ್ಕರರ ಹಾಸ್ಟೆಲು ಎರಡೂ ನಡೆದವು. ಇಬ್ಬರ ಪುಸ್ತಕಗಳನ್ನೂ ಒಂದೇ ಮೇಜಿನ ಮೇಲಿಟ್ಟು ಓದುವ ಸಂಶೋಧಕನಿಗೆ ಸಿಗುವ ಚರಿತ್ರೆ ಬೇರೆಲ್ಲೂ ಸಿಗದು.

ಹೆಣ್ಣುಮಕ್ಕಳ ಪಾಲು ಬಹಳ ತಡವಾಗಿ ಬಂತು. ಹುಬ್ಬಳ್ಳಿಯಲ್ಲಿ ಸರದಾರ ವೀರನಗೌಡ ಪಾಟೀಲರು, ನಾಗಮ್ಮ ಪಾಟೀಲರು ಹರಿಜನ ಬಾಲಕಿಯರಿಗಾಗಿ ಆಶ್ರಮ ನಡೆಸಿದ್ದು ಆ ಕಾಲಕ್ಕೆ ಅಪರೂಪದ ಕೆಲಸ. ನಮ್ಮ ತಾಲ್ಲೂಕಿನಲ್ಲಂತೂ ನಾನು ಓದುವಾಗ ಹುಡುಗಿಯರ ಹಾಸ್ಟೆಲು ಎಂಬುದೇ ಇರಲಿಲ್ಲ. ನನ್ನ ಅಕ್ಕ ನನಗಿಂತ ಚುರುಕಾಗಿ ಲೆಕ್ಕ ಮಾಡುತ್ತಿದ್ದಳು. ಅವಳ ಓದು ನಾಲ್ಕನೇ ಕ್ಲಾಸಿಗೆ ನಿಂತಿತು.

ಇನ್ನು ಆ ಪುಸ್ತಕಗಳಲ್ಲಿ ಏನಿರುತ್ತದೆ ಎಂದು ಕೇಳುವವರಿಗೆ, ಗುಮಾಸ್ತನ ಕಣ್ಣಿನಿಂದ ಒಂದಿಷ್ಟು. ನಮ್ಮ ವಾರ್ಡನ್ನರು ಉಗ್ರಾಣದ ಪುಸ್ತಕ ಬರೆಯಲು ಅಕ್ಷರ ಚೆನ್ನಾಗಿದ್ದ ಹುಡುಗರನ್ನು ಕೂರಿಸುತ್ತಿದ್ದರು. ನಾನೂ ಬರೆದಿದ್ದೇನೆ. ಹಿಂದಿನ ಪುಟ ತಿರುವಿದರೆ ಸೇರು, ಕೊಳಗ, ಪಲ್ಲದ ಲೆಕ್ಕ, ರೂಪಾಯಿ-ಆಣೆ-ಪೈ. 1957ರ ಏಪ್ರಿಲಿನಲ್ಲಿ ನಯಾಪೈಸೆ ಬಂದ ಮೇಲೆ ಕೆಲವು ತಿಂಗಳು ಎರಡೂ ಲೆಕ್ಕ ಪಕ್ಕಪಕ್ಕದಲ್ಲಿ, ಯಾರೋ ಪೆನ್ಸಿಲ್ಲಿನಲ್ಲಿ ಗುಣಿಸಿ ನೋಡಿ ಅಳಿಸಿದ ಗುರುತು. ಆಮೇಲೆ ಕೆ.ಜಿ. ಬಂತು. ಒಂದು ಕಡೆ ಕೊಟ್ಟವರ ಹೆಸರು: ಇಂಥ ಹಳ್ಳಿಯ ಇಂಥವರ ಮಗ, ರಾಗಿ ಇಷ್ಟು, ಮಗನ ಮದುವೆ ಪ್ರಯುಕ್ತ. ತಿಥಿ ಪ್ರಯುಕ್ತ. ಕೋರ್ಟು ಕೇಸು ಗೆದ್ದದ್ದಕ್ಕೆ. ಎತ್ತು ಮಾರಿದ್ದಕ್ಕೆ. ಒಬ್ಬ ಹೆಂಗಸು ಪ್ರತಿ ವರ್ಷ ಒಂದೇ ಅಳತೆಯ ಹುಣಿಸೆಹಣ್ಣು ಕಳಿಸುತ್ತಿದ್ದಳು, ಕಾರಣದ ಕಾಲಂ ಖಾಲಿ. ಇನ್ನೊಂದು ಕಡೆ ಖರ್ಚು. ಮಳೆ ಕೈಕೊಟ್ಟ 1965-66ರಲ್ಲಿ ರಾಗಿಯ ಕಾಲಂ ಸಣ್ಣದಾಗುತ್ತ ಹೋಗಿ ಆ ಜಾಗಕ್ಕೆ ಅಮೆರಿಕದ ಗೋಧಿ ಬಂತು. ನಮಗೆ ಅದರ ಮುದ್ದೆ ಇಳಿಯುತ್ತಿರಲಿಲ್ಲ. ಬರ ಅಂದರೇನೆಂದು ಗೆಜೆಟಿಯರ್ ನೋಡಿ ತಿಳಿಯಬಹುದು, ಆದರೆ ಬರದಲ್ಲಿ ಒಂದು ಪೇಟೆಯ ನೂರು ಹುಡುಗರು ಯಾವ ವಾರ ಏನು ಉಂಡರು ಎಂಬುದು ಗೆಜೆಟಿಯರಿನಲ್ಲಿರುವುದಿಲ್ಲ.

ದಾಖಲಾತಿ ರಿಜಿಸ್ಟರಿನ ಕೊನೆಯ ಕಾಲಂ ಹಾಸ್ಟೆಲು ಬಿಟ್ಟ ಕಾರಣ. ಅದನ್ನು ಮೇಲಿನಿಂದ ಕೆಳಕ್ಕೆ ಓದಿದರೆ ಸಾಕು, ಒಂದು ತಾಲ್ಲೂಕಿನ ಸಮಾಜಶಾಸ್ತ್ರ ಗೊತ್ತಾಗುತ್ತದೆ. ಪಾಸಾಗಿದೆ. ಫೇಲಾಗಿದೆ. ತಂದೆ ತೀರಿಕೊಂಡದ್ದರಿಂದ. ಸುಗ್ಗಿಗೆ ಹೋದವನು ಬರಲಿಲ್ಲ. ಮಿಲಿಟರಿಗೆ ಸೇರಿದ್ದಾನೆ. ಮದುವೆಯಾಗಿದೆ. ಹೇಳದೆ ಹೋಗಿದ್ದಾನೆ.

ಸ್ವಾಮಿಗಳ ಬಗ್ಗೆ, ದಾನಿಗಳ ಬಗ್ಗೆ ಅಭಿನಂದನ ಗ್ರಂಥಗಳು ದಂಡಿಯಾಗಿ ಬಂದಿವೆ. ಬಹುಪಾಲು ಒಂದೇ ಅಚ್ಚಿನವು: ಮೊದಲು ಸಂದೇಶಗಳು, ಆಮೇಲೆ ಫೋಟೋಗಳು. ಅಡುಗೆಯವರ ಹೆಸರು ಅವುಗಳಲ್ಲಿ ಹುಡುಕಿದರೂ ಸಿಗುವುದಿಲ್ಲ. ನಮ್ಮ ಹಾಸ್ಟೆಲಿನ ಅಡುಗೆಯವರು ಬೆಳಗಿನ ಜಾವ ಎದ್ದು ಒಲೆ ಹೊತ್ತಿಸಿ, ಹೊಗೆಗೆ ಕಣ್ಣು ಕೆಂಪಾಗಿ, ಪರೀಕ್ಷೆಯ ದಿನ ಮಾತ್ರ ಎಲ್ಲರಿಗೂ ಒಂದು ಚಮಚ ತುಪ್ಪ ಬಡಿಸುತ್ತಿದ್ದರು. ಅವರ ಸಂಬಳ ಎಷ್ಟೆಂಬುದು ಖತಾವಣಿಯಲ್ಲಿತ್ತು. ಈಗ ಎಲ್ಲೂ ಇಲ್ಲ.

1970ರ ದಶಕದಲ್ಲಿ ದೇವರಾಜ ಅರಸರ ಸರ್ಕಾರ ಹಾವನೂರು ಆಯೋಗದ ವರದಿಯ ಬೆನ್ನಿಗೆ ಹಿಂದುಳಿದ ವರ್ಗಗಳ ಇಲಾಖೆ ತೆರೆದು, ಹಾಸ್ಟೆಲುಗಳನ್ನು ಹೆಚ್ಚಿಸಿತು. ಸಮಾಜ ಕಲ್ಯಾಣದ ಹಾಸ್ಟೆಲುಗಳೂ ಬೆಳೆದವು. ಅದು ಆಗಲೇಬೇಕಿತ್ತು. ಮಕ್ಕಳ ಊಟ ದಾನಿಯ ಮರ್ಜಿಯ ಮೇಲೆ ನಿಲ್ಲಬಾರದು, ಅದು ಹಕ್ಕಾಗಬೇಕು. ದಾನದ ಅನ್ನ ಉಂಡವನಿಗೆ ಆ ವ್ಯತ್ಯಾಸ ಚೆನ್ನಾಗಿ ಗೊತ್ತಿರುತ್ತದೆ. ಸಭೆ ಸಮಾರಂಭಗಳಲ್ಲಿ ದಾನಿಗಳ ಮುಂದೆ ಸಾಲಾಗಿ ನಿಂತು ನಾವು ಎಷ್ಟು ಸಲ ಕೈ ಮುಗಿದೆವೋ. ಆದ್ದರಿಂದ ಹಳೆಯ ಕಾಲವೇ ಚೆನ್ನಾಗಿತ್ತು ಅಂತ ನಾನು ಹಾಡುವವನಲ್ಲ. ಸರ್ಕಾರಿ ಹಾಸ್ಟೆಲು ಬಂದ ಮೇಲೆ ಸಣ್ಣಪುಟ್ಟ ಧರ್ಮಾರ್ಥ ಹಾಸ್ಟೆಲುಗಳಿಗೆ ಹುಡುಗರು ಕಡಿಮೆಯಾದರು, ಕಟ್ಟಡಗಳು ಕಲ್ಯಾಣ ಮಂಟಪಗಳಾದವು. ಹಾಗೆಂದು ಬೇಡಿಕೆ ತೀರಿತೇ? 2022ರಲ್ಲಿ ಕೊಪ್ಪಳದ ಗವಿಮಠದ ಸ್ವಾಮಿಗಳು ಐದು ಸಾವಿರ ಮಕ್ಕಳ ಹಾಸ್ಟೆಲಿಗೆ ಅಡಿಗಲ್ಲು ಹಾಕಿದ ದಿನ ವೇದಿಕೆಯ ಮೇಲೆ ಕಣ್ಣೀರಿಟ್ಟದ್ದನ್ನು ನಾಡೇ ನೋಡಿತು. ಜಾಗ ಕೇಳಿ ಬಂದ ಮಕ್ಕಳನ್ನು ವಾಪಸು ಕಳಿಸಬೇಕಾದ ಸಂಕಟ ಅದು. ಜಾತ್ರೆಗೆ ಹಳ್ಳಿಹಳ್ಳಿಯಿಂದ ಗಾಡಿ ತುಂಬ ರೊಟ್ಟಿ ಬರುವ ಊರು ಕೊಪ್ಪಳ. ಆ ರೊಟ್ಟಿಯ ಲೆಕ್ಕವನ್ನಾದರೂ ಈಗಿನಿಂದಲೇ ಸರಿಯಾಗಿ ಇಡಿ ಎಂದು ಅಲ್ಲಿನವರನ್ನು ಕೈಮುಗಿದು ಕೇಳುತ್ತೇನೆ.

ಇನ್ನು ಕೆಲಸದ ಮಾತು. ಸರ್ಕಾರಿ ಕಡತಗಳನ್ನು ಕಾಯುವುದು ನಿಮ್ಮ ಇಲಾಖೆಯ ಮೂಲ ಕೆಲಸ, ಖಾಸಗಿ ಸಂಗ್ರಹಗಳನ್ನೂ ನೀವು ಪಡೆಯುತ್ತ ಬಂದಿದ್ದೀರಿ. ಹಾಸ್ಟೆಲಿನ ಪುಸ್ತಕಗಳು ಆ ಎರಡನೇ ಬಾಬಿಗೆ ಬರುತ್ತವೆ. ಮೂಲ ಪುಸ್ತಕಗಳನ್ನು ಬೆಂಗಳೂರಿಗೆ ಸಾಗಿಸುವ ಮಾತೆತ್ತಬೇಡಿ, ಯಾವ ಮಂಡಳಿಯೂ ಕೊಡುವುದಿಲ್ಲ, ಕೊಡಲೂ ಬಾರದು. ಸ್ಕ್ಯಾನ್ ಮಾಡುವವರು ಅಲ್ಲಿಗೇ ಹೋಗಲಿ. ಒಂದು ಪ್ರತಿ ನಿಮಗೆ, ಒಂದು ಪ್ರತಿ ಹಾಸ್ಟೆಲಿಗೆ. ಮೊದಲು ತುಮಕೂರು, ಧಾರವಾಡ, ಮಂಗಳೂರು ಈ ಮೂರು ಕಡೆ ನಡೆಸಿ ನೋಡಿ. ಮೂರೂ ಕಡೆ ವಿಶ್ವವಿದ್ಯಾಲಯಗಳಿವೆ, ಇತಿಹಾಸ ಎಂ.ಎ. ಓದುವ ಹುಡುಗ ಹುಡುಗಿಯರಿದ್ದಾರೆ, ಅವರಲ್ಲಿ ಎಷ್ಟೋ ಮಂದಿ ಹಾಸ್ಟೆಲಿನಲ್ಲೇ ಇರುವವರು. ಹಂಪಿ, ಹಳೇಬೀಡಿನ ಬಗ್ಗೆ ಇದ್ದದ್ದನ್ನೇ ಮತ್ತೆ ಬರೆಸುವ ಬದಲು ತಾಲ್ಲೂಕಿಗೊಂದು ಹಾಸ್ಟೆಲಿನ ಪುಸ್ತಕ ಓದಿ ಪ್ರಬಂಧ ಬರೆಯಲು ಮೇಷ್ಟರುಗಳು ಹೇಳಲಿ.

ಒಂದು ಎಚ್ಚರ ಬೇಕು. ಆ ರಿಜಿಸ್ಟರುಗಳಲ್ಲಿ ಜಾತಿ ಇದೆ, ತಂದೆಯ ಬಡತನದ ವಿವರವಿದೆ, ಯಾರಿಗೆ ಯಾವ ರೋಗವಿತ್ತು, ಯಾರು ಏನು ಕದ್ದು ಸಿಕ್ಕಿಬಿದ್ದರು ಎಂಬುದೂ ಇರುತ್ತದೆ. ಆ ಹುಡುಗರು ಈಗ ಯಾರದ್ದೋ ತಾತಂದಿರು. ಸ್ಕ್ಯಾನ್ ಮಾಡಿದ್ದನ್ನೆಲ್ಲ ಮರುದಿನವೇ ಅಂತರ್ಜಾಲಕ್ಕೆ ಸುರಿಯುವುದು ಬೇಡ. ಕನಿಷ್ಠ 75 ವರ್ಷ ದಾಟಿದ್ದನ್ನು ಮಾತ್ರ ಹೆಸರು ಸಮೇತ ತೆರೆಯಿರಿ, ಉಳಿದದ್ದು ಸಂಶೋಧಕರಿಗೆ ಹೆಸರು ಮರೆಮಾಡಿ ಸಿಗಲಿ. ಕೊಟ್ಟವರ ಪಟ್ಟಿಗೆ ಈ ನಿರ್ಬಂಧ ಬೇಕಿಲ್ಲ. ಒಂದು ಬಳ್ಳ ಅವರೆ ಕೊಟ್ಟವರ ಮೊಮ್ಮಕ್ಕಳು ಅದನ್ನು ನೋಡಿ ನಾಚಿಕೊಳ್ಳುವುದಿಲ್ಲ.

ಮಂಡಳಿಯವರಿಗೆ ಇನ್ನೊಂದು ಭಯವಿರುತ್ತದೆ, ನನ್ನ ನೌಕರಿಯ ಅನುಭವದಿಂದ ಬಲ್ಲೆ. ಹಳೆಯ ಪುಸ್ತಕ ತೆರೆದರೆ ಯಾವ ಜಮೀನು ಯಾರು ಕೊಟ್ಟದ್ದು, ಅದು ಈಗ ಯಾರ ಹೆಸರಿನಲ್ಲಿದೆ ಎಂಬುದೂ ಹೊರಬೀಳುತ್ತದೆ. ಬೀಳಲಿ ಬಿಡಿ. ಹಾಸ್ಟೆಲಿಗೆಂದು ಬರೆದುಕೊಟ್ಟ ಜಮೀನಿನಲ್ಲಿ ಈಗ ಬೇರೇನೋ ಇದ್ದರೆ ಅದನ್ನು ಕೇಳುವ ಹಕ್ಕು ಅಲ್ಲಿ ಉಂಡು ಓದಿದವರಿಗೆಲ್ಲ ಇದೆ. ಲೆಕ್ಕ ಸರಿ ಇರುವ ಸಂಸ್ಥೆಗಳು ಮೊದಲು ಬಾಗಿಲು ತೆರೆದರೆ ಉಳಿದವರೂ ತೆರೆಯಬೇಕಾಗುತ್ತದೆ.

ಹಾಗೆಯೇ ನನ್ನಂತೆ ಹಾಸ್ಟೆಲಿನ ಅನ್ನ ಉಂಡು ಇಂದು ಪಿಂಚಣಿ ಎಣಿಸುತ್ತಿರುವವರಿಗೂ ಒಂದು ಮಾತು. ವರ್ಷಕ್ಕೊಮ್ಮೆ ಹಳೆಯ ವಿದ್ಯಾರ್ಥಿಗಳ ಸಭೆ ಸೇರಿಸಿ, ಶಾಲು ಹೊದಿಸಿಕೊಂಡು, ಗ್ರೂಪ್ ಫೋಟೋ ತೆಗೆಸಿಕೊಂಡು ಬರುತ್ತೇವೆ. ಈ ಸಲ ಆ ದುಡ್ಡಿನಲ್ಲಿ ಒಂದು ಸ್ಕ್ಯಾನರ್ ತರೋಣ. ಇಬ್ಬರು ಹುಡುಗರಿಗೆ ಎರಡು ತಿಂಗಳ ಸಂಬಳ ಕೊಡೋಣ. ಬದುಕಿರುವ ಅಡುಗೆಯವರು, ವಾರ್ಡನ್ನುಗಳು ಎಲ್ಲಿದ್ದಾರೆಂದು ವಿಚಾರಿಸಿ, ಅವರ ಮಾತನ್ನು ಮೊಬೈಲಿನಲ್ಲಾದರೂ ಹಿಡಿದಿಡೋಣ. ಅದಕ್ಕೆ ಇಲಾಖೆಯ ಅಪ್ಪಣೆ ಬೇಕಿಲ್ಲ.

ನಿರ್ದೇಶಕರೇ, ಈ ಪತ್ರಕ್ಕೆ ಉತ್ತರವಾಗಿ ಸಮಿತಿ ನೇಮಿಸಿದರೆ ಅದು ವರದಿ ಕೊಡುವಷ್ಟರಲ್ಲಿ ನಾನಿರುವುದಿಲ್ಲ, ಪುಸ್ತಕಗಳೂ ಇರುವುದಿಲ್ಲ. ಮೊದಲು ಒಂದು ಸುತ್ತೋಲೆ ಹೊರಡಿಸಿ: ಯಾವ ಉಚಿತ ವಿದ್ಯಾರ್ಥಿನಿಲಯವೂ ತನ್ನ ಹಳೆಯ ಪುಸ್ತಕಗಳನ್ನು ವಿಲೇವಾರಿ ಮಾಡುವ ಮುನ್ನ ನಿಮ್ಮ ಹತ್ತಿರದ ಕಚೇರಿಗೆ ಒಂದು ಫೋನು ಮಾಡಲಿ. ಕಾಯ್ದೆಯ ಬಲ ಇಲ್ಲದಿದ್ದರೂ ಸರ್ಕಾರದ ಮೊಹರಿಗೆ ನಮ್ಮ ಕಡೆ ಇನ್ನೂ ಬೆಲೆಯಿದೆ. ನಮ್ಮ ತಾಲ್ಲೂಕಿನಲ್ಲೇ ಇನ್ನೊಂದು ಹಾಸ್ಟೆಲಿನ ಅಟ್ಟದ ಮೇಲೆ ನಾಲ್ಕಾರು ಟ್ರಂಕುಗಳಿವೆ. ಅಲ್ಲಿನ ಕಾರ್ಯದರ್ಶಿಗಳು ತೋರಿಸಲು ಒಪ್ಪಿದ್ದಾರೆ, ಕೀಲಿಯನ್ನೂ ಹುಡುಕಿಸಿಟ್ಟಿದ್ದಾರೆ. ಹೆಂಚು ಅಲ್ಲಲ್ಲಿ ಒಡೆದಿದೆ. ಮುಂಗಾರಿಗೆ ಮೊದಲು ಯಾರನ್ನಾದರೂ ಕಳಿಸಿ.

ಇಂತಿ ತಮ್ಮ ವಿಶ್ವಾಸಿ,
ಖಜಾನೆ ಇಲಾಖೆಯ ನಿವೃತ್ತ ನೌಕರ
ತುಮಕೂರು ಜಿಲ್ಲೆ